ಮುದ್ದೆ ಇಳಿಯದ ಅನ್ನನಾಳಕ್ಕೆ ಹೃದಯದ ಮಾತ್ರೆ: ಅಕಲೇಷಿಯಾ ಸೆಳೆತಕ್ಕೆ ಇರುವ ಔಷಧಿಗಳೇನು, ಅವು ಮಾಡುವುದೆಷ್ಟು?

2025ರ ಜುಲೈ ಮೊದಲ ವಾರ. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿತ್ತು. ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಅಂಥದ್ದೇ ಒಂದು ರಾತ್ರಿ, ಮೂರು ಗಂಟೆ ಸುಮಾರಿಗೆ, ಹಾಸನದ ಹತ್ತಿರದ ನಮ್ಮೂರಿನ ಮನೆಯಲ್ಲಿ ನಾನು ಎದೆ ಹಿಡಿದುಕೊಂಡು ಎದ್ದು ಕೂತೆ. ಎದೆಮೂಳೆಯ ಹಿಂದೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಅದು ದವಡೆಗೆ ಹತ್ತಿತು, ಬೆನ್ನಿಗೆ ಹಬ್ಬಿತು.

ಅಮ್ಮ ಲೈಟ್ ಹಾಕಿ ನನ್ನ ಮುಖ ನೋಡಿದವಳೇ, "ಏಳು ಮಗ, ಆಸ್ಪತ್ರೆಗೆ ಹೋಗಾನ" ಅಂದಳು.

ನನಗೆ ಈ ನೋವಿನ ಪರಿಚಯ ಇತ್ತು. ಆದರೂ ಹೋದೆ. ಯಾಕೆಂದರೆ ಎದೆನೋವು ಬಂದಾಗ ಇದು ಹೃದಯದ್ದೋ ಅನ್ನನಾಳದ್ದೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ. ಆಗ ಸಾಲಿನಲ್ಲಿ ನಿಂತ ಜನರನ್ನು ನೋಡಿ ನಕ್ಕವರೂ ಇದ್ದರು. ನಾನು ನಗಲಿಲ್ಲ.

ಇಸಿಜಿ ನಾರ್ಮಲ್ ಬಂತು. ರಕ್ತ ಪರೀಕ್ಷೆಯೂ ಸರಿಯಿತ್ತು. ಡ್ಯೂಟಿ ಡಾಕ್ಟರ್ ಚೀಟಿ ಬರೆಯುತ್ತಾ, "ಗ್ಯಾಸ್ ಇರ್ಬೇಕಮ್ಮ" ಅಂದರು. "ಸರ್, ನನಗೆ ಅಕಲೇಷಿಯಾ ಇದೆ" ಅಂದೆ. ಅವರು ತಲೆ ಎತ್ತಿ, "ಏನಿದೆ?" ಅಂತ ಕೇಳಿದರು.

ಅವರನ್ನು ದೂರುವುದಿಲ್ಲ. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೊಸದಾಗಿ ಬರುವ ಕಾಯಿಲೆ ಇದು. ಎಷ್ಟೋ ಡಾಕ್ಟರುಗಳು ಇದನ್ನು ಪರೀಕ್ಷೆಗೆ ಓದಿರುತ್ತಾರೆ, ಆಮೇಲೆ ನೋಡಿರುವುದಿಲ್ಲ. ಆದರೆ ಇದೇ ಲೆಕ್ಕವನ್ನು ಕರ್ನಾಟಕದಷ್ಟು ದೊಡ್ಡ ರಾಜ್ಯಕ್ಕೆ ಹಾಕಿ ನೋಡಿ. ಪ್ರತಿ ವರ್ಷ ನೂರಾರು ಜನ ಆಗುತ್ತಾರೆ. ಅವರಿಗೆಲ್ಲ ಮೊದಲು ಸಿಗುವ ಉತ್ತರ "ಗ್ಯಾಸ್". ಹೆಸರು ಗೊತ್ತಾದ ಮೇಲೆ ಅವರೆಲ್ಲ ಕೇಳುವ ಪ್ರಶ್ನೆಯೂ ಒಂದೇ: "ಈ ಸೆಳೆತಕ್ಕೆ ಮಾತ್ರೆ ಇಲ್ವಾ?"

ಇದೆ, ಮತ್ತು ಇಲ್ಲ. ಈ ಬರಹ ಅದರ ಬಗ್ಗೆ.

ಗಂಟಲಲ್ಲಿ ನಿಂತ ಮುದ್ದೆ

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಮಗುವಾಗಿದ್ದಾಗಲೇ ಕಲಿಸುವ ವಿದ್ಯೆ ಅದು. ನನಗೆ 25 ವರ್ಷವಾದಾಗ ಒಂದು ಮಧ್ಯಾಹ್ನ ನುಂಗಿದ ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ಒಂದು ಲೋಟ ನೀರು ಕುಡಿದೆ. ನೀರೂ ಅದರ ಮೇಲೆ ನಿಂತಿತು. ಎರಡು ನಿಮಿಷ ಬಿಟ್ಟು ಎಲ್ಲ ವಾಪಸ್ ಬಂತು.

ಆಮೇಲೆ ಅನ್ನ, ಚಪಾತಿ, ಕೊನೆಗೆ ನೀರು ಕೂಡ. ಮಲಗಿದರೆ ತಿಂದದ್ದು ಬಾಯಿಗೆ ಬರುತ್ತಿತ್ತು, ರಾತ್ರಿ ಕೆಮ್ಮಿ ಎದ್ದೇಳುತ್ತಿದ್ದೆ. ಒಂದೂವರೆ ವರ್ಷದಲ್ಲಿ 11 ಕೆಜಿ ಇಳಿದೆ. ಮೆಡಿಕಲ್ ಶಾಪಿನಿಂದ ತಂದು ನುಂಗಿದ ಆಸಿಡಿಟಿ ಮಾತ್ರೆಗಳಿಗೆ ಲೆಕ್ಕವಿಲ್ಲ. ಕೆಮ್ಮು, ತೂಕ ನೋಡಿ ಒಬ್ಬರು ಟಿಬಿ ಪರೀಕ್ಷೆ ಮಾಡಿಸಿದರು. ಇನ್ನೊಬ್ಬರು ಮನಸ್ಸಿನ ಕಾಯಿಲೆ ಅಂದರು. ಮದುವೆಯಾಗದ ಹುಡುಗಿ ಊಟದ ಮಧ್ಯೆ ಎದ್ದು ಹೋಗಿ ವಾಂತಿ ಮಾಡಿದರೆ ಊರು ಏನು ಮಾತಾಡುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಮನೆಗಳಿಗೆ ಹೋಗುವುದನ್ನೇ ನಿಲ್ಲಿಸಿದೆ.

ಮೊದಲ ಎಂಡೋಸ್ಕೋಪಿಯಲ್ಲಿ "ಏನೂ ಇಲ್ಲ" ಅಂತ ಬಂತು. ಶುರುವಿನ ಹಂತದಲ್ಲಿ ಹೀಗಾಗುವುದುಂಟು. ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಎಂಡೋಸ್ಕೋಪಿ ಬೇಕೇ ಬೇಕು, ಆದರೆ ಸ್ನಾಯು ಹೇಗೆ ಕೆಲಸ ಮಾಡುತ್ತಿದೆ ಅಂತ ಅದು ತೋರಿಸುವುದಿಲ್ಲ. ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಅನ್ನನಾಳದ ತುದಿ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ಕಂಡಿತು. ಕೊನೆಗೆ ಬೆಂಗಳೂರಿನಲ್ಲಿ ಮೂಗಿನ ಮೂಲಕ ತೆಳ್ಳನೆಯ ನಳಿಕೆ ಇಳಿಸಿ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮಾಡಿದರು. ಅಲ್ಲಿ ಹೆಸರು ಸಿಕ್ಕಿತು: ಅಕಲೇಷಿಯಾ, ಮೂರನೇ ಬಗೆ.

ಒಳಗೆ ಆಗುವುದೇನು?

ಬಾಯಿಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ಸುಮ್ಮನೆ ಒಂದು ಪೈಪ್ ಅಲ್ಲ. ತುತ್ತು ನುಂಗಿದ ಕೂಡಲೇ ಅದರ ಗೋಡೆ ಮೇಲಿನಿಂದ ಕೆಳಕ್ಕೆ ಅಲೆಯ ಹಾಗೆ ಹಿಂಡಿ ತುತ್ತನ್ನು ಇಳಿಸುತ್ತದೆ. ತುದಿಯಲ್ಲಿ ಬಳೆಯಂಥ ಒಂದು ಸ್ನಾಯು ಇದೆ. ಹೊಟ್ಟೆಯ ಆಸಿಡ್ ಮೇಲೆ ಬರದಂತೆ ಅದು ಸದಾ ಬಿಗಿಯಾಗಿರುತ್ತದೆ, ನುಂಗಿದಾಗ ಮಾತ್ರ ಸಡಿಲವಾಗುತ್ತದೆ.

ಈ ಕೆಲಸಕ್ಕೆ ಗೋಡೆಯೊಳಗೇ ಎರಡು ಬಗೆಯ ನರಕೋಶಗಳಿವೆ. ಒಂದು "ಬಿಗಿ ಹಿಡಿ" ಅನ್ನುತ್ತದೆ. ಇನ್ನೊಂದು "ಸಡಿಲ ಬಿಡು" ಅನ್ನುತ್ತದೆ. ಅಕಲೇಷಿಯಾದಲ್ಲಿ ಸಾಯುವುದು ಎರಡನೆಯದು. ಯಾಕೆ ಸಾಯುತ್ತವೆ? ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿ ಬೀಳುತ್ತದೆ ಎಂಬುದು ಸದ್ಯ ಹೆಚ್ಚು ಒಪ್ಪಿಗೆಯಾಗಿರುವ ವಿವರಣೆ. ದಕ್ಷಿಣ ಅಮೆರಿಕದಲ್ಲಿ ಚಾಗಸ್ ಎಂಬ ಪರೋಪಜೀವಿ ಕಾಯಿಲೆಯಿಂದಲೂ ಥೇಟ್ ಹೀಗೇ ಆಗುತ್ತದೆ.

ಸಡಿಲ ಬಿಡು ಅನ್ನುವವರೇ ಇಲ್ಲದ ಮೇಲೆ ಬಳೆ ಬಿಗಿದೇ ಇರುತ್ತದೆ. ಅಕಲೇಷಿಯಾ ಎಂಬ ಗ್ರೀಕ್ ಮೂಲದ ಪದದ ಅರ್ಥವೂ "ಸಡಿಲವಾಗದಿರುವುದು" ಅಂತಲೇ.

ಡಾಕ್ಟರುಗಳು ಇದನ್ನು ಮೂರು ಬಗೆ ಮಾಡುತ್ತಾರೆ. ಮೊದಲನೆಯದರಲ್ಲಿ ಅನ್ನನಾಳದ ಗೋಡೆ ಶಕ್ತಿ ಕಳೆದುಕೊಂಡು ಜೋತುಬಿದ್ದಿರುತ್ತದೆ. ಎರಡನೆಯದರಲ್ಲಿ ಇಡೀ ನಾಳದ ಒಳಗೆ ಒಟ್ಟಿಗೇ ಒತ್ತಡ ಏರುತ್ತದೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದೇ. ಮೂರನೆಯದರಲ್ಲಿ, ಅಂದರೆ ನನ್ನದರಲ್ಲಿ, ತುದಿಯ ಬಳೆಯ ಜೊತೆಗೆ ನಾಳದ ಕೆಳಭಾಗವೂ ಅವೇಳೆಯಲ್ಲಿ ಜೋರಾಗಿ ಹಿಂಡುತ್ತದೆ. ಅದೇ ಸೆಳೆತ, ಡಾಕ್ಟರುಗಳ ಬಾಯಲ್ಲಿ ಸ್ಪಾಸಂ. ಹಾಗಂತ ಎದೆನೋವು ಈ ಬಗೆಗೆ ಮಾತ್ರ ಮೀಸಲಲ್ಲ, ಮೂರರಲ್ಲೂ ಬರುತ್ತದೆ. ಸ್ನಾಯು ಹಿಂಡಿದಾಗ ನೋವಾಗಬಹುದು, ನಿಂತ ಆಹಾರದಿಂದ ನಾಳ ಉಬ್ಬಿದಾಗ ಆಗಬಹುದು, ನೋವು ತಿಳಿಸುವ ನರಗಳು ಅತಿಸೂಕ್ಷ್ಮವಾಗಿ ಸಣ್ಣದಕ್ಕೂ ಕೂಗಿಕೊಳ್ಳಬಹುದು. ಒಂದೇ ಮಾತ್ರೆ ಎಲ್ಲರಿಗೂ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ.

ಎರವಲು ಮಾತ್ರೆಗಳು

ಅಕಲೇಷಿಯಾಕ್ಕೆಂದೇ ತಯಾರಾದ ಮಾತ್ರೆ ಇಲ್ಲ. ಕೊಡುವುದೆಲ್ಲ ಬೇರೆ ಕಾಯಿಲೆಗಳಿಂದ ಎರವಲು ತಂದದ್ದು, ಅದರಲ್ಲೂ ಹೃದಯ ಮತ್ತು ಬಿಪಿಯ ಕಡೆಯಿಂದ. ರಕ್ತನಾಳದ ಗೋಡೆಯಲ್ಲೂ ಅನ್ನನಾಳದ ಕೆಳಭಾಗದಲ್ಲೂ ಇರುವುದು ನಮ್ಮ ಇಚ್ಛೆಗೆ ಸಿಗದ ಒಂದೇ ಜಾತಿಯ ನಯಸ್ನಾಯು. ಅದನ್ನು ಸಡಿಲಿಸುವ ಔಷಧಿ ಇದನ್ನೂ ಒಂದಿಷ್ಟು ಸಡಿಲಿಸುತ್ತದೆ.

ಮೊದಲನೆಯದು ಐಸೊಸಾರ್ಬೈಡ್ ಡೈನೈಟ್ರೇಟ್. ಸಾರ್ಬಿಟ್ರೇಟ್ ಅಂದರೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಎದೆನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಇದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಒದಗಿಸುತ್ತದೆ. ಸತ್ತುಹೋದ ನರಕೋಶಗಳು "ಸಡಿಲ ಬಿಡು" ಅಂತ ಹೇಳಲು ಬಳಸುತ್ತಿದ್ದದ್ದೂ ಇದೇ ನೈಟ್ರಿಕ್ ಆಕ್ಸೈಡನ್ನೇ. ಅಂದರೆ ತರ್ಕ ಸರಿಯಿದೆ. ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆಯನ್ನು ಊಟಕ್ಕೆ 10–15 ನಿಮಿಷ ಮೊದಲು ನಾಲಿಗೆ ಕೆಳಗೆ ಇಡಲು ಹೇಳುತ್ತಾರೆ. ಬೇಗ ಕೆಲಸ ಮಾಡುತ್ತದೆ, ಬೇಗ ಇಳಿಯುತ್ತದೆ.

ತೊಂದರೆ ತಲೆನೋವು. ಹಣೆ ಒಡೆದುಹೋಗುವಂಥ ತಲೆನೋವು. ಜೊತೆಗೆ ಬಿಪಿ ಇಳಿದು ತಲೆಸುತ್ತು. ಬಿಡದೆ ದಿನಾ ತೆಗೆದುಕೊಂಡರೆ ದೇಹ ಒಗ್ಗಿಹೋಗಿ ಮದ್ದು ನಾಟುವುದೇ ಕಡಿಮೆಯಾಗುತ್ತದೆ. ಈ ಗುಣ ಮೊದಲು ಕಂಡದ್ದು ಕಾರ್ಮಿಕರ ಮೈಮೇಲೆ. ನೈಟ್ರೋಗ್ಲಿಸರಿನ್ ಬಳಸುವ ಸ್ಫೋಟಕ ಕಾರ್ಖಾನೆಗಳ ಕಾರ್ಮಿಕರಿಗೆ ವಾರವಿಡೀ ಕೆಲಸ ಮಾಡುವಾಗ ತಲೆನೋವು ಕಡಿಮೆಯಾಗುತ್ತಿತ್ತು. ರಜೆ ಮುಗಿಸಿ ಸೋಮವಾರ ಬಂದರೆ ಮತ್ತೆ ಜೋರು. "ಸೋಮವಾರದ ಕಾಯಿಲೆ" ಎಂದೇ ಅದಕ್ಕೆ ಹೆಸರು ಬಿತ್ತು. ಎರಡು ದಿನ ಬಿಟ್ಟು ಮತ್ತೆ ಮಾತ್ರೆ ಇಟ್ಟುಕೊಂಡಾಗೆಲ್ಲ ನನಗೆ ಆ ಕಾರ್ಮಿಕರ ನೆನಪಾಗುತ್ತಿತ್ತು.

ಎರಡನೆಯದು ನಿಫೆಡಿಪಿನ್, ಬಿಪಿ ಮಾತ್ರೆ. ಸ್ನಾಯು ಬಿಗಿಯಾಗಬೇಕಾದರೆ ಅದರ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಇದು ಆ ದಾರಿಯನ್ನು ತಡೆಯುತ್ತದೆ. ಅಮೆರಿಕದ ಜಠರರೋಗ ತಜ್ಞರ ಮಾರ್ಗಸೂಚಿಗಳಲ್ಲಿ 10ರಿಂದ 30 ಮಿಲಿಗ್ರಾಂ, ಊಟಕ್ಕೆ 30–45 ನಿಮಿಷ ಮೊದಲು, ನಾಲಿಗೆ ಕೆಳಗೆ ಎಂದಿದೆ. ಆದರೆ ಬಿಪಿ ತಟ್ಟನೆ ಕುಸಿಯಬಹುದು ಅನ್ನುವ ಕಾರಣಕ್ಕೆ ನಿಫೆಡಿಪಿನ್ನನ್ನು ಹೀಗೆ ನಾಲಿಗೆ ಕೆಳಗೆ ಕೊಡಲು ಬಿಪಿ ಚಿಕಿತ್ಸೆಯಲ್ಲಿ ಈಗ ಹಿಂಜರಿಯುತ್ತಾರೆ. ನನ್ನಂಥ ತೂಕ ಇಳಿದ, ಬಿಪಿ ಮೊದಲೇ ಕಡಿಮೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಕೂತುಬಿಟ್ಟಿದ್ದೆ. ಕೆಲವರಿಗೆ ಕಾಲು ಊದಿಕೊಳ್ಳುತ್ತದೆ. ನಿಧಾನವಾಗಿ ಕರಗುವಂತೆ ಮಾಡಿದ ನಿಫೆಡಿಪಿನ್ ಮಾತ್ರೆಯನ್ನು ನುಂಗಲಾಗುತ್ತಿಲ್ಲ ಅಂತ ಪುಡಿ ಮಾಡಬಾರದು. ಇಡೀ ದಿನದ ಮದ್ದು ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಇದೇ ಗುಂಪಿನ ಡಿಲ್ಟಿಯಾಜೆಮ್ ಅನ್ನು ಅನ್ನನಾಳದ ಸೆಳೆತಕ್ಕೆ ಕೊಡುವ ಡಾಕ್ಟರುಗಳೂ ಇದ್ದಾರೆ.

ಮೂರನೆಯದು ಸಿಲ್ಡೆನಾಫಿಲ್. ಹೌದು, ವಯಾಗ್ರ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದು ನೈಟ್ರಿಕ್ ಆಕ್ಸೈಡಿನ ಸಂದೇಶ ಬೇಗ ಅಳಿಸಿಹೋಗದಂತೆ ನೋಡಿಕೊಳ್ಳುತ್ತದೆ. ಸಣ್ಣ ಪ್ರಯೋಗಗಳಲ್ಲಿ ತುದಿಯ ಬಳೆಯ ಒತ್ತಡವನ್ನು ಇಳಿಸಿದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಶ್ವಾಸಕೋಶದ ರಕ್ತನಾಳಗಳ ಒತ್ತಡಕ್ಕೆ ಹೆಂಗಸರಿಗೂ ಮಕ್ಕಳಿಗೂ ಇದನ್ನು ಕೊಡುತ್ತಾರೆ. ನಾನು ಚೀಟಿ ಹಿಡಿದು ಹೋದಾಗ ಮೆಡಿಕಲ್ ಶಾಪಿನವರು ಚೀಟಿ ನೋಡಿ, ನನ್ನನ್ನು ನೋಡಿ, "ಯಾರಿಗಮ್ಮ ಇದು?" ಅಂದರು. "ನನಗೇ" ಅಂದೆ. ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಮುಂದಿನ ಸಲ ಅಣ್ಣನನ್ನು ಕಳಿಸಿದೆ. ಅವನಿಗೂ ನಾಚಿಕೆ. ಔಷಧಿಯ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ.

ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಸಾರ್ಬಿಟ್ರೇಟ್ ಮತ್ತು ಸಿಲ್ಡೆನಾಫಿಲ್ ಜೊತೆಯಾಗಿ ಹೋಗಬಾರದು. ಎರಡೂ ಸೇರಿದರೆ ಬಿಪಿ ಜೀವಕ್ಕೆ ಅಪಾಯವಾಗುವಷ್ಟು ಕುಸಿಯಬಹುದು. ಎದೆನೋವಿಗೆ ಎಮರ್ಜೆನ್ಸಿಗೆ ಹೋದಾಗ ಅಲ್ಲಿ ಮೊದಲು ಕೊಡುವ ಮಾತ್ರೆಗಳಲ್ಲಿ ನೈಟ್ರೇಟೂ ಇರಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡಿದ್ದರೆ ನಾಚಿಕೆ ಬಿಟ್ಟು ಹೇಳಲೇಬೇಕು.

ಬೊಟಾಕ್ಸ್, ಮತ್ತೆ ಉಳಿದವು

ಸುಕ್ಕು ಹೋಗಲಾಡಿಸಲು ಚುಚ್ಚಿಸಿಕೊಳ್ಳುವ ಬೊಟಾಕ್ಸ್ ಇಲ್ಲಿಯೂ ಇದೆ. "ಬಿಗಿ ಹಿಡಿ" ಅನ್ನುವ ನರದ ಸಂದೇಶವನ್ನು ಇದು ತಡೆಯುತ್ತದೆ. 1990ರ ದಶಕದಲ್ಲಿ ಪಂಕಜ್ ಜಯ್ ಪಸ್ರೀಚಾ ಮತ್ತು ಅಮೆರಿಕದ ಅವರ ಸಹೋದ್ಯೋಗಿಗಳು ಅಕಲೇಷಿಯಾದಲ್ಲಿ ಇದನ್ನು ಬಳಸಿ ತೋರಿಸಿದರು. ಎಂಡೋಸ್ಕೋಪಿ ಮಾಡುತ್ತಲೇ ಒಟ್ಟು 100 ಯೂನಿಟ್ ಅನ್ನು ಬಳೆಯ ನಾಲ್ಕು ಕಡೆ ಹಂಚಿ ಚುಚ್ಚುತ್ತಾರೆ. ಮೂರನೇ ಬಗೆಯವರಿಗೆ ಕೆಲವೊಮ್ಮೆ ನಾಳದ ಗೋಡೆಗೂ ಚುಚ್ಚುವುದುಂಟು. ಹೆಚ್ಚಿನವರಿಗೆ ಮೊದಲು ಆರಾಮವಾಗುತ್ತದೆ, ಆದರೆ 6ರಿಂದ 12 ತಿಂಗಳೊಳಗೆ ಸುಮಾರು ಅರ್ಧದಷ್ಟು ಜನರಿಗೆ ತೊಂದರೆ ಮರಳುತ್ತದೆ. ಮತ್ತೆ ಮತ್ತೆ ಚುಚ್ಚಿಸಿದರೆ ಒಳಗೆ ಗಾಯದ ಗಡಸು ಬಂದು ಮುಂದಿನ ಆಪರೇಷನ್ ಕಷ್ಟವಾಗಬಹುದು. ಹಾಗಾಗಿ ವಯಸ್ಸಾದವರಿಗೆ, ಆಪರೇಷನ್ ತಡೆದುಕೊಳ್ಳಲಾಗದವರಿಗೆ ಇದು ಒಳ್ಳೆಯದು. 26ರ ಹುಡುಗಿಗೆ ಅಲ್ಲ.

ಇನ್ನು ಮನೆಯಲ್ಲಿರುವ ಹೊಟ್ಟೆನೋವಿನ ಮಾತ್ರೆಗಳು. ಮುಟ್ಟಿನ ನೋವಿಗೆ ನುಂಗುವ ಮೆಫ್ಟಾಲ್ ಸ್ಪಾಸ್ ಹೆಸರಲ್ಲೇ "ಸ್ಪಾಸ್" ಇದೆ, ಇದಕ್ಕೂ ಆಗಬಹುದಲ್ವಾ ಅಂತ ನಾನೂ ನುಂಗಿದ್ದೆ. ಅದರಲ್ಲಿರುವ ಡೈಸೈಕ್ಲೊಮಿನ್ ಅಕಲೇಷಿಯಾಕ್ಕೆ ನಾಟುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ಮೇಲಾಗಿ ಇಂಥ ನೋವಿನ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಕರಗಿದರೆ ಅಲ್ಲೇ ಹುಣ್ಣು ಮಾಡಬಹುದು. ಕಬ್ಬಿಣಾಂಶದ ಮಾತ್ರೆ, ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಅಷ್ಟೇ. ನಮಗೆ ಮಾತ್ರೆ ಬರೆಯುವವರ ಹತ್ತಿರ "ಸಿರಪ್ ಇದೆಯಾ?" ಅಂತ ಕೇಳುವುದು ಹಟವಲ್ಲ, ಅಗತ್ಯ.

ಟ್ರಮಡಾಲ್‌ನಂಥ ಓಪಿಯಾಯ್ಡ್ ಗುಂಪಿನ ನೋವು ನಿವಾರಕಗಳದ್ದು ಇನ್ನೊಂದು ಕತೆ. ಬಹಳ ದಿನ ತೆಗೆದುಕೊಂಡರೆ ಅನ್ನನಾಳದ ಚಲನೆಯನ್ನೇ ಅವು ಕೆಡಿಸುತ್ತವೆ. ಮ್ಯಾನೊಮೆಟ್ರಿಯಲ್ಲಿ ಮೂರನೇ ಬಗೆಯ ಅಕಲೇಷಿಯಾದಂತೆಯೇ ಕಾಣುವ ಚಿತ್ರವನ್ನೂ ಉಂಟುಮಾಡಬಲ್ಲವು. ಸೆಳೆತಕ್ಕೆ ಪರಿಹಾರ ಅಂತ ಇವುಗಳ ಹಿಂದೆ ಹೋಗುವುದು ಉರಿಗೆ ತುಪ್ಪ ಸುರಿದ ಹಾಗೆ.

ಆಸಿಡಿಟಿ ಮಾತ್ರೆ ಬಿಗಿದ ಬಳೆಯನ್ನು ಸಡಿಲಿಸುವುದಿಲ್ಲ. ಆದರೆ ಬಳೆಯನ್ನು ಕತ್ತರಿಸಿದ ಮೇಲೆ ಆಸಿಡ್ ಮೇಲೆ ಬರಲು ದಾರಿ ಸಿಗುತ್ತದೆ, ಆಗ ಅದಕ್ಕೆ ನಿಜವಾದ ಕೆಲಸವಿದೆ.

ಕಡಿಮೆ ಪ್ರಮಾಣದ ಖಿನ್ನತೆ ನಿವಾರಕಗಳನ್ನೂ ಕೆಲವರಿಗೆ ಬರೆಯುತ್ತಾರೆ. ಇಮಿಪ್ರಮಿನ್, ಟ್ರಜೊಡೋನ್ ಇಂಥವು. ಇವು ಸ್ನಾಯುವನ್ನು ಸಡಿಲಿಸುವುದಿಲ್ಲ, ನೋವು ತಿಳಿಸುವ ನರಗಳ ಅಬ್ಬರ ಇಳಿಸುತ್ತವೆ. ನನಗೆ ಬರೆದಾಗ ಅಮ್ಮ, "ತಲೆ ಕೆಟ್ಟವರ ಮಾತ್ರೆ ನಿನಗ್ಯಾಕೆ?" ಅಂತ ಡಬ್ಬಿ ಎತ್ತಿಟ್ಟಿದ್ದಳು. ವಿವರಿಸಲು ಒಂದು ತಿಂಗಳು ಬೇಕಾಯಿತು.

ಮತ್ತೆ ಬಿಸಿನೀರು. ಇದು ಅಜ್ಜಿ ಮದ್ದು ಮಾತ್ರ ಅಲ್ಲ. ತಣ್ಣೀರು ಅಕಲೇಷಿಯಾ ಇರುವವರ ಬಳೆಯ ಒತ್ತಡ ಏರಿಸುತ್ತದೆ, ಬಿಸಿನೀರು ಇಳಿಸುತ್ತದೆ ಎಂದು ಚೀನಾದ ಒಂದು ಸಣ್ಣ ಅಧ್ಯಯನ ತೋರಿಸಿದೆ. ಸೆಳೆತ ಶುರುವಾದ ಕೂಡಲೇ ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕುಡಿದರೆ ನನಗೆ ಎಷ್ಟೋ ಸಲ ನಿಂತಿದೆ. ಫ್ಲಾಸ್ಕ್ ಈಗಲೂ ಹಾಸಿಗೆ ಪಕ್ಕದಲ್ಲೇ ಇರುತ್ತದೆ. ಪುದೀನಾ ಎಣ್ಣೆಯಿಂದಲೂ ಅನ್ನನಾಳದ ಸೆಳೆತ ಇಳಿದ ವರದಿಗಳಿವೆ, ಆದರೆ ಅವೂ ಸಣ್ಣವೇ.

ಹಾಗಾದರೆ ಪರಿಹಾರ?

ನನ್ನ ಡಾಕ್ಟರ್ ಮೊದಲ ದಿನವೇ ಹೇಳಿದ್ದರು: "ನೋಡಮ್ಮ, ಈ ಮಾತ್ರೆಗಳು ನಿನಗೆ ಊಟಕ್ಕೆ ಸ್ವಲ್ಪ ಟೈಮ್ ಮಾಡಿಕೊಡ್ತವೆ. ವಾಸಿ ಮಾಡಲ್ಲ."

ಸತ್ತ ನರಕೋಶಗಳನ್ನು ಬದುಕಿಸುವ ಚಿಕಿತ್ಸೆ ಇನ್ನೂ ಇಲ್ಲ. ಆದರೆ ಬಿಗಿದ ಬಳೆಯನ್ನು ಬಿಡಿಸಬಹುದು. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ ತಿಮಿಂಗಿಲದ ಮೂಳೆಗೆ ಸ್ಪಂಜು ಕಟ್ಟಿ ಆಹಾರವನ್ನು ಒಳಕ್ಕೆ ತಳ್ಳುವುದನ್ನು ರೋಗಿಗೆ ಕಲಿಸಿದ್ದ ದಾಖಲೆಯಿದೆ. ಈಗ ಮೂರು ದಾರಿಗಳಿವೆ. ಬಲೂನ್ ಇಳಿಸಿ ಬಳೆಯನ್ನು ಹಿಗ್ಗಿಸುವುದು. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಶುರು ಮಾಡಿದ, ಈಗ ಕೀಹೋಲ್ ಮೂಲಕ ಮಾಡುವ ಸ್ನಾಯು ಕತ್ತರಿಸುವ ಆಪರೇಷನ್. ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಮೊದಲು ಮಾಡಿದ ಪೋಯೆಮ್: ಹೊರಗೆ ಗಾಯವಿಲ್ಲದೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒಳಪದರದಡಿ ಸುರಂಗ ಕೊರೆದು ಸ್ನಾಯು ಕತ್ತರಿಸುವುದು.

2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ವರ್ಷದ ನಂತರ ಪೋಯೆಮ್ ಆದವರಲ್ಲಿ ಶೇ 92, ಬಲೂನ್ ಚಿಕಿತ್ಸೆಯಾದವರಲ್ಲಿ ಶೇ 54 ಜನ ಚೆನ್ನಾಗಿದ್ದರು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಪೋಯೆಮ್ ಮತ್ತು ಹೆಲ್ಲರ್ ಆಪರೇಷನ್ ಎರಡೂ ಸರಿಸಮ ಬಂದವು, ಎರಡು ವರ್ಷಕ್ಕೆ ಶೇ 80ಕ್ಕೂ ಮೇಲೆ ಯಶಸ್ಸು. ಆದರೆ ಆಸಿಡ್‌ನಿಂದ ಅನ್ನನಾಳದ ಉರಿಯೂತ ಪೋಯೆಮ್ ಆದವರಲ್ಲಿ ಶೇ 44, ಹೆಲ್ಲರ್ ಆದವರಲ್ಲಿ ಶೇ 29. ಮೂರನೇ ಬಗೆಗೆ ಪೋಯೆಮ್ ಸೂಕ್ತ ಅನ್ನುವುದಕ್ಕೆ ಕಾರಣ, ಸೆಳೆಯುವ ಭಾಗ ಎಲ್ಲಿವರೆಗಿದೆಯೋ ಅಲ್ಲಿವರೆಗೂ ಉದ್ದಕ್ಕೆ ಕತ್ತರಿಸಬಹುದು.

ಇದನ್ನೆಲ್ಲ ನೋಡಿದ ತಜ್ಞರ ಮಾರ್ಗಸೂಚಿಗಳು ಮಾತ್ರೆಯನ್ನು ಕಟ್ಟಕಡೆಯ ಸಾಲಿನಲ್ಲಿ ಇಟ್ಟಿವೆ. ಬಲೂನ್, ಆಪರೇಷನ್ ಯಾವುದನ್ನೂ ತಡೆದುಕೊಳ್ಳಲಾಗದ, ಬೊಟಾಕ್ಸೂ ಆಗದವರಿಗೆ ಮಾತ್ರ ಅವು ಅಂತ.

ಯಾರು "ತಡೆದುಕೊಳ್ಳಲಾಗದವರು"?

ನಾನು ಜಗಳಕ್ಕೆ ನಿಲ್ಲುವುದು ಇಲ್ಲೇ. ಆ ಮಾರ್ಗಸೂಚಿ ಬರೆದವರ ಮನಸ್ಸಿನಲ್ಲಿದ್ದದ್ದು ಹೃದಯ ದುರ್ಬಲವಾದ 80 ವರ್ಷದ ಮುದುಕರು. ನಮ್ಮಲ್ಲಿ ಆಪರೇಷನ್ ತಡೆದುಕೊಳ್ಳಲಾಗದ್ದು ಎಷ್ಟೋ ಸಲ ದೇಹಕ್ಕಲ್ಲ, ಜೇಬಿಗೆ.

ನನಗೆ ಪೋಯೆಮ್‌ಗೆ ಹೇಳಿದ್ದು ಎರಡೂವರೆ ಲಕ್ಷ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ರಕ್ಷಣೆ ಇದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ. ನಮ್ಮದು ಎಪಿಎಲ್ ಕಾರ್ಡು, ಎರಡು ಎಕರೆ ಜಮೀನು, ಅಣ್ಣನ ಹನ್ನೆರಡು ಸಾವಿರದ ಸಂಬಳ. ದುಡ್ಡು ಹೊಂದಿಸಲು ಎಂಟು ತಿಂಗಳು ಬೇಕಾಯಿತು. ಅಮ್ಮನ ಸರ ಗಿರವಿ ಅಂಗಡಿಗೆ ಹೋಯಿತು. ಆ ಎಂಟು ತಿಂಗಳು ನಾನು ಬದುಕಿದ್ದು ಗಂಜಿ, ಫ್ಲಾಸ್ಕ್ ನೀರು ಮತ್ತು ಈ ಎರವಲು ಮಾತ್ರೆಗಳ ಮೇಲೆ.

ಹಾಗಾಗಿ ಮಾತ್ರೆಗಳನ್ನು ನಾನು ಹಳಿಯುವುದಿಲ್ಲ. ಊಟಕ್ಕೆ ಮೊದಲು ಸಾರ್ಬಿಟ್ರೇಟ್ ಇಟ್ಟುಕೊಂಡ ದಿನ ಅರ್ಧ ಬಟ್ಟಲು ಗಂಜಿ ಇಳಿಯುತ್ತಿತ್ತು, ಇಡದ ದಿನ ಕಾಲು ಬಟ್ಟಲು. ತೂಕ ಇನ್ನಷ್ಟು ಇಳಿಯದಂತೆ ನಿಂತದ್ದು ಆ ವ್ಯತ್ಯಾಸದಿಂದ. ಆದರೆ ಮಾತ್ರೆಯ ಮೇಲೆ ಕಾಯುತ್ತಾ ಕೂತರೆ ಅನ್ನನಾಳ ಸುಮ್ಮನಿರುವುದಿಲ್ಲ. ಅದು ಹಿಗ್ಗುತ್ತಾ ಹೋಗುತ್ತದೆ. ಬಹಳ ವರ್ಷ ಹೀಗೇ ಬಿಟ್ಟರೆ ಹಿಗ್ಗಿ ಡೊಂಕಾಗಿ, ಕೆಲವರಿಗೆ ಅನ್ನನಾಳವನ್ನೇ ತೆಗೆಯಬೇಕಾಗುತ್ತದೆ. ನಿಂತ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅಗ್ಗದ ಮಾತ್ರೆ ಕೊನೆಗೆ ದುಬಾರಿ ಆಪರೇಷನ್ನಿಗೆ ಮುಟ್ಟಬಹುದು.

ಈ ಕಾಯಿಲೆಗೇ ಅಂತ ಔಷಧಿ ಯಾಕಿಲ್ಲ? ಅರ್ಧ ಉತ್ತರ ಜೀವಶಾಸ್ತ್ರದ್ದು: ಹೋದ ನರಕೋಶವನ್ನು ಮಾತ್ರೆ ತಂದುಕೊಡಲಾರದು. ಇನ್ನರ್ಧ ಮಾರುಕಟ್ಟೆಯದ್ದು. ಇರುವ ಔಷಧಿಗಳ ಪೇಟೆಂಟ್ ಮುಗಿದು ಕಾಲವಾಗಿದೆ. ಐಸೊಸಾರ್ಬೈಡ್ ಡೈನೈಟ್ರೇಟ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ, ಆದರೆ ಹೃದಯಕ್ಕಾಗಿ. ಲಕ್ಷಕ್ಕೊಬ್ಬರ ಕಾಯಿಲೆಗೆ ಅಗ್ಗದ ಹಳೆ ಮಾತ್ರೆಯನ್ನು ದೊಡ್ಡದಾಗಿ ಪರೀಕ್ಷಿಸಿದರೆ ಯಾವ ಕಂಪನಿಗೂ ಲಾಭವಿಲ್ಲ. ಅಕಲೇಷಿಯಾದಲ್ಲಿ ನೈಟ್ರೇಟ್‌ಗಳ ಬಗ್ಗೆ ನಡೆದ ಕಾಕ್ರೇನ್ ಪರಿಶೀಲನೆಗೆ ಗಟ್ಟಿ ಸಲಹೆ ಕೊಡುವಷ್ಟು ಪುರಾವೆಯೇ ಸಿಗಲಿಲ್ಲ. ಲಾಭವಿಲ್ಲದ ಇಂಥ ಪ್ರಶ್ನೆಗಳನ್ನು ಕೇಳಬೇಕಾದದ್ದು ಸಾರ್ವಜನಿಕ ದುಡ್ಡಿನ ಸಂಶೋಧನೆ.

ಕೇಳಬೇಕಾದ್ದು

ಈಗ ಪೋಯೆಮ್ ಆಗಿ ಒಂದು ವರ್ಷ ದಾಟಿದೆ. ಮುದ್ದೆ ಇಳಿಯುತ್ತದೆ, ಸಣ್ಣ ತುತ್ತು, ಮೇಲೊಂದು ಗುಟುಕು ನೀರು. 7 ಕೆಜಿ ವಾಪಸ್ ಬಂದಿದೆ. ಸೆಳೆತ ಪೂರ್ತಿ ಹೋಗಿಲ್ಲ. ಊಟ ಸರಾಗವಾದ ಮೇಲೂ ಎದೆನೋವು ಉಳಿಯುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ಈ ವಿಷಯ ಮೊದಲೇ ಹೇಳಿದ್ದರೆ ಅಮ್ಮ "ಸರ ಮಾರಿದ್ದು ದಂಡವಾಯ್ತಾ?" ಅಂತ ಅಳುತ್ತಿರಲಿಲ್ಲ.

ನಿಮಗೋ ನಿಮ್ಮವರಿಗೋ ನುಂಗಲು ಕಷ್ಟವಿದ್ದು, ಘನ ಆಹಾರದ ಜೊತೆ ನೀರೂ ಸಿಕ್ಕಿಕೊಳ್ಳುತ್ತಿದ್ದರೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬೇಡಿ. ಎಂಡೋಸ್ಕೋಪಿ ನಾರ್ಮಲ್ ಬಂದರೂ ತೊಂದರೆ ಹೋಗದಿದ್ದರೆ, "ಬೇರಿಯಂ ಪರೀಕ್ಷೆ, ಮ್ಯಾನೊಮೆಟ್ರಿ ಬೇಕಾ?" ಅಂತ ಕೇಳಿ. ಅಕಲೇಷಿಯಾ ಅಂತ ಗೊತ್ತಾಗಿದ್ದರೆ ಮೂರು ಪ್ರಶ್ನೆ ಕೇಳಿ: ನನ್ನದು ಯಾವ ಬಗೆ? ಈ ಮಾತ್ರೆ ಎಷ್ಟು ದಿನಕ್ಕೆ, ಯಾವುದರವರೆಗೆ ಕಾಯಲು? ನಾನು ತೆಗೆದುಕೊಳ್ಳುವ ಬೇರೆ ಮಾತ್ರೆಗಳ ಜೊತೆ ಇದು ಹೊಂದುತ್ತದಾ? ಇಲ್ಲಿ ಬರೆದ ಯಾವ ಮಾತ್ರೆಯನ್ನೂ ಚೀಟಿಯಿಲ್ಲದೆ ಕೊಳ್ಳಬೇಡಿ. ಎದೆನೋವು ಹೊಸದಾಗಿದ್ದರೆ, ಬೆವರು, ಉಸಿರಾಟದ ತೊಂದರೆ ಜೊತೆಗಿದ್ದರೆ, ಮೊದಲು ಇಸಿಜಿ. ಸಾರ್ಬಿಟ್ರೇಟ್ ಇಟ್ಟ ಕೂಡಲೇ ನೋವು ಹೋಯಿತು ಅಂದರೆ ಹೃದಯದ್ದೇ ಅಂತಲೂ ಅಲ್ಲ, ಅನ್ನನಾಳದ್ದೇ ಅಂತಲೂ ಅಲ್ಲ. ಎರಡಕ್ಕೂ ಅದು ಕೆಲಸ ಮಾಡುತ್ತದೆ.

ಇವು ಡಾಕ್ಟರಿಗೆ ಕೇಳುವ ಪ್ರಶ್ನೆಗಳು. ಸರ್ಕಾರಕ್ಕೆ ಕೇಳುವುದೂ ಇದೆ. ಪ್ರತಿ ಕಂದಾಯ ವಿಭಾಗದಲ್ಲಿ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಾದರೂ ಮ್ಯಾನೊಮೆಟ್ರಿ ಯಾಕಿರಬಾರದು? ಲಕ್ಷಕ್ಕೊಬ್ಬರ ಕಾಯಿಲೆಗೂ ಸಕಾಲದಲ್ಲಿ ಚಿಕಿತ್ಸೆ ಸಿಗುವಂತೆ ಯೋಜನೆ ಯಾಕಿರಬಾರದು? ಹಾಸನದಲ್ಲಿ ಸಾವುಗಳ ಸುದ್ದಿಯಾದಾಗ ತಜ್ಞರ ಸಮಿತಿ ಬಂತು, ಕ್ಯಾಮೆರಾಗಳು ಬಂದವು. ಆ ಸಾಲಿನಲ್ಲಿ ನಿಂತು "ಇಸಿಜಿ ನಾರ್ಮಲ್, ಮನೆಗೆ ಹೋಗಿ" ಅನ್ನಿಸಿಕೊಂಡ ಎಷ್ಟೋ ಜನರ ಎದೆ ಆಮೇಲೂ ನೋಯುತ್ತಿತ್ತು. ಅವರ ನೋವಿಗೆ ಹೆಸರು ಹುಡುಕುವುದು ಯಾರ ಕೆಲಸ?

ಆ ರಾತ್ರಿ ಆಸ್ಪತ್ರೆಯಿಂದ ಹೊರಡುವಾಗ ಡ್ಯೂಟಿ ಡಾಕ್ಟರ್ ನನ್ನ ಫೈಲ್ ವಾಪಸ್ ಕೊಡುತ್ತಾ, "ಅಕಲೇಷಿಯಾದ ಸ್ಪೆಲ್ಲಿಂಗ್ ಇನ್ನೊಂದ್ಸಲ ಹೇಳಮ್ಮ" ಅಂದರು. ನಿಧಾನವಾಗಿ ಹೇಳಿದೆ. ಅವರು ಬರೆದುಕೊಂಡರು.